ಬೆರಳಚ್ಚು ಮತ್ತು ಹೆಬ್ಬೆಟ್ಟು: ಟೈಪ್‌ರೈಟರ್ ನಮ್ಮ ಸಮಾಜಕ್ಕೆ ಕೊಟ್ಟಿದ್ದೇನು?

ಕನ್ನಡದಲ್ಲಿ 'ಬೆರಳಚ್ಚು' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಟೈಪ್‌ರೈಟರಿನ ಮೇಲೆ ಬೆರಳಾಡಿಸಿ ಅಕ್ಷರ ಮೂಡಿಸುವುದು ಒಂದು. ಶಾಯಿಗೆ ಬೆರಳು ತಾಗಿಸಿ ಕಾಗದದ ಮೇಲೆ ಒತ್ತುವ ಗುರುತು ಇನ್ನೊಂದು. ಮಡಿಕೇರಿ ಕೋಟೆಯ ಹಳೆಯ ಅರಮನೆಯಲ್ಲಿ ಹಲವು ದಶಕಗಳ ಕಾಲ ಸರ್ಕಾರಿ ಕಚೇರಿಗಳು ನಡೆದವು. ಅಲ್ಲಿಗೆ ಬರುತ್ತಿದ್ದ ಎಷ್ಟೋ ಅರ್ಜಿಗಳಲ್ಲಿ ಈ ಎರಡು ಬೆರಳಚ್ಚುಗಳೂ ಒಂದೇ ಹಾಳೆಯ ಮೇಲೆ ಇರುತ್ತಿದ್ದವು. ಮೇಲೆ ಸಾಲುಸಾಲಾಗಿ ಟೈಪು ಮಾಡಿದ ಅಕ್ಷರ, ಕೆಳಗೆ ಅರ್ಜಿದಾರನ ಹೆಬ್ಬೆಟ್ಟು. ಅಕ್ಷರ ಬಲ್ಲವನೊಬ್ಬ, ದುಃಖ ಬಲ್ಲವನೊಬ್ಬ. ಅವರಿಬ್ಬರ ನಡುವೆ ಒಂದು ಕಬ್ಬಿಣದ ಯಂತ್ರ.

ಇಂದಿನ ಮಕ್ಕಳಿಗೆ ಟೈಪ್‌ರೈಟರ್ ಎಂದರೆ ಹಳೆಯ ಸಿನಿಮಾದಲ್ಲಿ ಕಾಣುವ ವಸ್ತು. ಆದರೆ ಸುಮಾರು ನೂರು ವರ್ಷಗಳ ಕಾಲ ಈ ಯಂತ್ರ ಕಚೇರಿಯ ಬಾಗಿಲಲ್ಲಿ ಕುಳಿತು, ಯಾರ ಮಾತು ಒಳಗೆ ಹೋಗಬೇಕು, ಯಾವ ಭಾಷೆಯಲ್ಲಿ ಹೋಗಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿತು. ಕೊಡಗಿನಂಥ ಬಹುಭಾಷೆಯ ಗುಡ್ಡಗಾಡಿನಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದ ಈ ಯಂತ್ರದ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಸೂಕ್ತ.

ಕಣ್ಣು ಕಾಣದವರಿಗಾಗಿ ಆರಂಭ

ಬರೆಯುವ ಯಂತ್ರಕ್ಕೆ ಮೊದಲ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಹೆನ್ರಿ ಮಿಲ್. ಅದು 1714ರಲ್ಲಿ. ಆ ಯಂತ್ರ ಹೇಗಿತ್ತೆಂಬುದಕ್ಕೆ ಕುರುಹು ಉಳಿದಿಲ್ಲ. ಸುಮಾರು 1808ರಲ್ಲಿ ಇಟಲಿಯ ಪೆಲೆಗ್ರಿನೊ ತುರ್ರಿ ಎಂಬವರು ಕಣ್ಣು ಕಾಣದ ಕ್ಯಾರೊಲಿನಾ ಫಾಂಟೊನಿ ಎಂಬ ಮಹಿಳೆಗಾಗಿ ಒಂದು ಯಂತ್ರ ತಯಾರಿಸಿಕೊಟ್ಟರು. ಬೇರೆಯವರಿಂದ ಬರೆಸದೆ, ತನ್ನ ಮನಸ್ಸಿನ ಮಾತನ್ನು ತಾನೇ ಬರೆಯಲಿ ಎಂಬುದು ಉದ್ದೇಶ. ಯಂತ್ರ ಕಳೆದುಹೋಯಿತು, ಆದರೆ ಆಕೆ ಅದರಲ್ಲಿ ಮೂಡಿಸಿದ ಕೆಲವು ಪತ್ರಗಳು ಇಂದಿಗೂ ಇವೆ.

ಈ ಚರಿತ್ರೆಯಲ್ಲಿ ಇಬ್ಬರು ಧರ್ಮಗುರುಗಳೂ ಬರುತ್ತಾರೆ ಎಂಬುದು ನಮ್ಮ ಓದುಗರಿಗೆ ವಿಶೇಷವೆನಿಸಬಹುದು. ಬ್ರೆಜಿಲ್ ದೇಶದ ಕಥೋಲಿಕ ಗುರು ಫಾದರ್ ಫ್ರಾನ್ಸಿಸ್ಕೊ ಜೊವಾವ್ ದೆ ಅಜೆವೆದೊ ಮರದಲ್ಲಿ ಮಾಡಿದ ಬರವಣಿಗೆ ಯಂತ್ರವೊಂದನ್ನು 1861ರಲ್ಲಿ ಪ್ರದರ್ಶಿಸಿ ಚಿನ್ನದ ಪದಕ ಪಡೆದರು. ಅದನ್ನು ತಯಾರಿಸಿ ಮಾರುವವರು ಯಾರೂ ಸಿಗಲಿಲ್ಲ. ಡೆನ್ಮಾರ್ಕಿನ ಪ್ರೊಟೆಸ್ಟೆಂಟ್ ಸಭಾಪಾಲಕ ರಾಸ್ಮುಸ್ ಮಾಲಿಂಗ್ ಹಾನ್ಸೆನ್ ಕೋಪನ್‌ಹೇಗನ್ನಿನಲ್ಲಿ ಕಿವುಡ ಮೂಗರ ಶಾಲೆಯ ಮುಖ್ಯಸ್ಥರಾಗಿದ್ದರು. ತಮ್ಮ ವಿದ್ಯಾರ್ಥಿಗಳು ಕೈಬರಹಕ್ಕಿಂತ ವೇಗವಾಗಿ ಬೆರಳ ಸನ್ನೆಯಲ್ಲಿ ಮಾತನಾಡುವುದನ್ನು ಅವರು ಗಮನಿಸಿದ್ದರು. ಹತ್ತೂ ಬೆರಳಿಗೆ ಕೆಲಸ ಕೊಟ್ಟರೆ ಬರಹವೂ ವೇಗವಾದೀತು ಎಂಬ ಯೋಚನೆಯಿಂದ ರೂಪಿಸಿದ ಅವರ 'ಬರೆಯುವ ಚೆಂಡು' 1870ರಲ್ಲಿ ಪೇಟೆಂಟ್ ಪಡೆಯಿತು.

ವ್ಯಾಪಾರದಲ್ಲಿ ಗೆದ್ದದ್ದು ಮಾತ್ರ ಅಮೆರಿಕದ ಮಿಲ್ವಾಕಿ ನಗರದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಗೆಳೆಯರ ಯಂತ್ರ. 1868ರಲ್ಲಿ ಪೇಟೆಂಟ್ ಪಡೆದ ಅದನ್ನು ಬಂದೂಕು ಮತ್ತು ಹೊಲಿಗೆ ಯಂತ್ರ ತಯಾರಿಸುತ್ತಿದ್ದ ರೆಮಿಂಗ್ಟನ್ ಕಂಪೆನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಬೆಲೆ 125 ಡಾಲರ್. ನೋಡಲು ಹೊಲಿಗೆ ಯಂತ್ರದ ತಂಗಿಯಂತೆಯೇ ಇತ್ತು: ಮೈಮೇಲೆ ಹೂವಿನ ಚಿತ್ತಾರ, ಸಾಲು ಬದಲಿಸಲು ಕಾಲಿನ ಪೆಡಲು. ದೊಡ್ಡ ಅಕ್ಷರ ಮಾತ್ರ ಬರುತ್ತಿತ್ತು. 1878ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ 'ಶಿಫ್ಟ್' ಕೀಲಿ ಸೇರಿ ಒಂದೇ ಕೀಲಿಯಿಂದ ಎರಡು ಅಕ್ಷರ ಮೂಡತೊಡಗಿತು. ನಮ್ಮ ಮೊಬೈಲಿನ ಇಂಗ್ಲಿಷ್ ಕೀಲಿಮಣೆಯ ಮೇಲಿನ ಸಾಲಿನ 'ಕ್ಯೂ, ಡಬ್ಲ್ಯು, ಇ, ಆರ್' ಕ್ರಮವೂ ಆ ಯಂತ್ರಗಳಿಂದಲೇ ಬಂದದ್ದು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಎಂದು ಹೀಗೆ ಜೋಡಿಸಿದರೆಂಬ ವಿವರಣೆ ಪ್ರಚಲಿತವಾಗಿದೆ. ತಂತಿ ಕಚೇರಿಯ ನೌಕರರ ಅನುಕೂಲಕ್ಕಾಗಿ ಎಂಬ ವಾದವೂ ಇದೆ.

ಕಾಫಿಯ ಹಾದಿಯಲ್ಲಿ ಇಂಗ್ಲಿಷ್ ಅಕ್ಷರ

ಕೊಡಗು 1834ರಲ್ಲಿ ಬ್ರಿಟಿಷರ ಕೈಸೇರಿತು. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿ ತೋಟ ಆರಂಭವಾಯಿತು. ಗುಡ್ಡದ ಕಾಫಿ ಸಂಸ್ಕರಣೆಗಾಗಿ ಮಂಗಳೂರು, ತಲಶ್ಶೇರಿ, ಹುಣಸೂರುಗಳಿಗೆ ಹೋಗಬೇಕು, ಅಲ್ಲಿಂದ ಹಡಗು ಹತ್ತಬೇಕು. ರೈಲೇ ಇಲ್ಲದ ಈ ಜಿಲ್ಲೆಯಲ್ಲಿ ವ್ಯವಹಾರವೆಲ್ಲ ಕಾಗದದ ಮೇಲೆ ನಡೆಯಿತು. ಎಷ್ಟು ಮೂಟೆ, ಯಾವ ದರ್ಜೆ, ಯಾವ ದರ ಎಂಬ ಪತ್ರಗಳು ತೋಟದ ಬಂಗಲೆಗೂ ಕರಾವಳಿಗೂ ಲಂಡನ್ನಿಗೂ ಓಡಾಡಿದವು. ಇಂಥ ವ್ಯವಹಾರಕ್ಕೆ ಟೈಪ್‌ರೈಟರ್ ಹೇಳಿ ಮಾಡಿಸಿದ ಸಾಧನವಾಯಿತು. ಆ ಯಂತ್ರಗಳ ಮಾತು ಇಂಗ್ಲಿಷ್.

ತೋಟದ ಕೆಳಗಿನ ಲೈನುಮನೆಗಳಲ್ಲಿ ಕಾರ್ಮಿಕರು ತುಳು, ತಮಿಳು, ಮಲಯಾಳಂ, ಕನ್ನಡ, ಯರವ ಭಾಷೆಗಳನ್ನಾಡುತ್ತಿದ್ದರು. ಕೊಡವ ತಕ್ಕ್, ಅರೆಭಾಷೆ, ಕೊಂಕಣಿ, ಬ್ಯಾರಿ ಮಾತುಗಳೂ ಇದೇ ಜಿಲ್ಲೆಯವು. ಇವರೆಲ್ಲರ ಸಂಬಳ, ಸಾಲ, ರಜೆಗಳ ಲೆಕ್ಕ ಕಚೇರಿಯಲ್ಲಿ ಅವರು ಓದಲಾರದ ಅಕ್ಷರದಲ್ಲಿ ದಾಖಲಾಗುತ್ತಿತ್ತು. 1951ರ ಜನಗಣತಿಯ ಪ್ರಕಾರ ಭಾರತದ ಸಾಕ್ಷರತೆ ಶೇಕಡಾ 18ರಷ್ಟು ಮಾತ್ರ. ಓದು ಬಾರದವನಿಗೆ ಕೈಬರಹವೂ ಅಚ್ಚೂ ಒಂದೇ ಎನ್ನಬಹುದು. ಆದರೆ ಟೈಪು ಮಾಡಿದ ಕಾಗದಕ್ಕೆ ಒಂದು ಗಾಂಭೀರ್ಯವಿತ್ತು. 'ಟೈಪು ಮಾಡಿಸಿದ ಕಾಗದ ಬಂದಿದೆ' ಎಂದರೆ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದ ಕಾಲವದು.

ಕನ್ನಡಕ್ಕೆ ಕೀಲಿ ಜೋಡಿಸಿದ ಬಗೆ

ಸ್ವಾತಂತ್ರ್ಯಾನಂತರ ಕೊಡಗು ಕೆಲಕಾಲ ಪ್ರತ್ಯೇಕ 'ಸಿ' ದರ್ಜೆಯ ರಾಜ್ಯವಾಗಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯನ್ನಾಗಿಸುವ ಕಾನೂನು ಬಂತು. ಕಾನೂನು ಮಾಡುವುದು ಸುಲಭ, ಆದರೆ ಕಚೇರಿಯ ಮೇಜಿನ ಮೇಲೆ ಕನ್ನಡ ಬರೆಯುವ ಯಂತ್ರ ಬೇಕಲ್ಲ?

ಇಲ್ಲಿಯ ತೊಡಕನ್ನು ಸ್ವಲ್ಪ ವಿವರವಾಗಿ ನೋಡೋಣ. ಇಂಗ್ಲಿಷಿಗೆ 26 ಅಕ್ಷರ. ದೊಡ್ಡದು, ಚಿಕ್ಕದು ಸೇರಿದರೂ 52. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ ಎಂದಾಕ್ಷಣ ಲೆಕ್ಕ ಮುಗಿಯುವುದಿಲ್ಲ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ ಕಾಗುಣಿತವೇ 442. ಒಂದು ವ್ಯಂಜನಕ್ಕೆ ಇನ್ನೊಂದರ ಒತ್ತು ಕೊಟ್ಟರೆ, ಲೆಕ್ಕಕ್ಕಾದರೂ 1,156 ಜೋಡಿಗಳು. ಆದರೆ ಟೈಪ್‌ರೈಟರಿನಲ್ಲಿ ಇದ್ದದ್ದು ಸುಮಾರು 46 ಕೀಲಿ. ಶಿಫ್ಟ್ ಒತ್ತಿದರೆ ಅದರ ಇಮ್ಮಡಿ. ಅಂಕಿ ಮತ್ತು ವಿರಾಮ ಚಿಹ್ನೆಗಳೂ ಅದರೊಳಗೇ ಹೊಂದಬೇಕು.

ಈ ಒಗಟನ್ನು ಬಿಡಿಸಿ ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದವರಲ್ಲಿ ಕೆ. ಅನಂತ ಸುಬ್ಬರಾವ್ ಅವರ ಹೆಸರು ಮುಖ್ಯವಾದುದು. ಉಪಾಯ ಇಷ್ಟು: ಅಕ್ಷರವನ್ನು ಇಡಿಯಾಗಿ ಕೂರಿಸದೆ ತುಂಡುತುಂಡಾಗಿ ಬಿಡಿಸುವುದು. ಅಕ್ಷರದ ಮೈ ಒಂದು ಕೀಲಿಯಲ್ಲಿ, ಪಕ್ಕದ ಕೊಂಬು ಇನ್ನೊಂದರಲ್ಲಿ, ದೀರ್ಘ ಮತ್ತೊಂದರಲ್ಲಿ, ಕೆಳಗಿನ ಒತ್ತು ಬೇರೊಂದರಲ್ಲಿ. ಕೆಲವು ಕೀಲಿ ಒತ್ತಿದರೆ ಕಾಗದ ಮುಂದಕ್ಕೆ ಸರಿಯುವುದಿಲ್ಲ. ಆ ಗುರುತು ಅಲ್ಲೇ, ಅಕ್ಷರದ ತಲೆಯ ಮೇಲೋ ಕಾಲ ಕೆಳಗೋ ಕೂರುತ್ತದೆ. ಟೈಪಿಸ್ಟನು ಅಕ್ಷರ ಬರೆಯುತ್ತಿರಲಿಲ್ಲ, ಬಡಗಿಯಂತೆ ಜೋಡಿಸುತ್ತಿದ್ದನು ಎಂದರೆ ತಪ್ಪಾಗಲಾರದು. ಒಂದೊಂದು ಅಕ್ಷರಕ್ಕೆ ಎರಡು ಮೂರು ಪೆಟ್ಟು. ಆದ್ದರಿಂದ ಕನ್ನಡ ಬೆರಳಚ್ಚು ಕಲಿಯಲು ಹೆಚ್ಚು ತಾಳ್ಮೆ ಬೇಕಿತ್ತು, ಮೂಡಿದ ಅಕ್ಷರವೂ ಅಷ್ಟೇನೂ ದುಂಡಗಿರುತ್ತಿರಲಿಲ್ಲ. ಆದರೂ ತಾಲೂಕು ಕಚೇರಿಯ ಆದೇಶ ರೈತನ ಭಾಷೆಯಲ್ಲಿ ಬರತೊಡಗಿದ್ದು ಸಾಮಾನ್ಯ ಬದಲಾವಣೆಯೇನಲ್ಲ. ಓದು ಬಲ್ಲ ಮಗನೋ ಮಗಳೋ ಅದನ್ನು ಮನೆಯ ಜಗಲಿಯಲ್ಲೇ ಓದಿ ಹೇಳಬಹುದಾಯಿತು.

ಭಾರತದಲ್ಲೇ ಯಂತ್ರ ತಯಾರಾಗತೊಡಗಿದ್ದೂ ಇದಕ್ಕೆ ನೆರವಾಯಿತು. ಗೋದ್ರೇಜ್ ಸಂಸ್ಥೆ 1955ರಲ್ಲಿ ಮುಂಬಯಿಯಲ್ಲಿ ಟೈಪ್‌ರೈಟರ್ ತಯಾರಿಕೆ ಆರಂಭಿಸಿತು. ಮುಂದೆ ದೇಶಭಾಷೆಗಳ ಕೀಲಿಮಣೆಯ ಯಂತ್ರಗಳೂ ಬಂದವು.

ಕನ್ನಡ ಕೀಲಿಮಣೆಯಿಂದ ಇನ್ನೂ ಕೆಲವರಿಗೆ ಲಾಭವಾಯಿತು. ಕರಾವಳಿ ಮತ್ತು ಕೊಡಗಿನ ಕಥೋಲಿಕರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುವವರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜಾವಿಧಿ ಜನರ ಭಾಷೆಗೆ ಬಂದಾಗ ಹಾಡು, ಪ್ರಾರ್ಥನೆಗಳ ಹಾಳೆ ಬೇಕಾಯಿತು. ಮೇಣದ ಸ್ಟೆನ್ಸಿಲ್ ಮೇಲೆ ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಉರುಳಿಸಿ ನೂರಾರು ಪ್ರತಿ ತೆಗೆಯುವ ಕೆಲಸ ಹಿರಿಯ ಧರ್ಮಪ್ರಜೆಗಳಿಗೆ ನೆನಪಿರಬಹುದು. ಕೈಗೆಲ್ಲ ಮಸಿಯಾಗುತ್ತಿತ್ತು.

ಕೊಡವ ಭಾಷೆಯ ಪಾಡು ಬೇರೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' ಕನ್ನಡ ಲಿಪಿಯಲ್ಲಿಯೇ ಪ್ರಕಟವಾಯಿತು. ಕೊಡವ ಮಾತಿನಲ್ಲಿ ಕನ್ನಡ ಅಕ್ಷರಗಳಿಗೆ ಸಿಗದ ಕೆಲವು ಸ್ವರಗಳಿವೆ. ಕನ್ನಡಕ್ಕೇ ಇಕ್ಕಟ್ಟಾಗಿದ್ದ ಕೀಲಿಮಣೆಯಲ್ಲಿ ಅವಕ್ಕೆ ಜಾಗವೆಲ್ಲಿ? ಯಂತ್ರವೊಂದು ಒಂದು ಭಾಷೆಗೆ ಬಾಗಿಲು ತೆರೆದಾಗ ಪಕ್ಕದ ಭಾಷೆ ಹೊರಗೇ ಉಳಿಯಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಕಚೇರಿ ಜಗಲಿಯ ಟೈಪಿಸ್ಟ್

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಗಳಂಥ ಊರುಗಳಲ್ಲಿ ಕಚೇರಿ, ನ್ಯಾಯಾಲಯಗಳ ಆಸುಪಾಸಿನಲ್ಲಿ ಬೆರಳಚ್ಚುಗಾರರು ಕುಳಿತಿರುತ್ತಿದ್ದರು. ಒಂದು ಪುಟ್ಟ ಮೇಜು, ಒಂದು ಕುರ್ಚಿ, ಬಂದವರಿಗೊಂದು ಬೆಂಚು. ಕೊಡಗಿನ ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಮೆತ್ತಗಾಗುತ್ತದೆ, ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಆದ್ದರಿಂದ ಯಂತ್ರವನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಸಂಜೆ ಮುಸುಕು ಹಾಕಿ ಮಗುವಿನಂತೆ ಕಾಪಾಡಬೇಕಿತ್ತು.

ಜಮ್ಮಾ ಜಮೀನಿನ ಪಾಲು, ಬಾಣೆಯ ಹಕ್ಕು, ಕೋವಿಯ ಪರವಾನಗಿ, ಕಾಡಾನೆ ತುಳಿದ ಗದ್ದೆಗೆ ಪರಿಹಾರ, ವಿಧವಾ ವೇತನ, ಜಾತಿ ಪ್ರಮಾಣಪತ್ರ: ಬಾಳಿನ ತಾಪತ್ರಯಗಳೆಲ್ಲ ಈ ಬೆಂಚಿನ ಮೇಲೆ ಬಂದು ಕೂರುತ್ತಿದ್ದವು. ಒಂದು ಉದಾಹರಣೆ ಊಹಿಸಿಕೊಳ್ಳಿ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಬಂದಿದ್ದಾಳೆ. ಅವಳು ಕಥೆಯನ್ನು ಮದುವೆಯಿಂದ ಆರಂಭಿಸುತ್ತಾಳೆ, ನಡುವೆ ಅಳುತ್ತಾಳೆ, ಭಾವನ ಮೇಲೆ ದೂರುತ್ತಾಳೆ, ಮತ್ತೆ ಹಿಂದಕ್ಕೆ ಹೋಗುತ್ತಾಳೆ. ಅದೂ ತನ್ನ ಮನೆಮಾತಿನಲ್ಲಿ. ಟೈಪಿಸ್ಟ್ ಅದನ್ನೆಲ್ಲ ಕೇಳಿ, ಜರಡಿ ಹಿಡಿದು, 'ಮಾನ್ಯ ತಹಶೀಲ್ದಾರರ ಸನ್ನಿಧಾನಕ್ಕೆ' ಎಂದು ಆರಂಭಿಸಿ ಅರ್ಧ ಪುಟಕ್ಕೆ ಇಳಿಸುತ್ತಾನೆ. ಅವಳ ಕಣ್ಣೀರು 'ತೀರಾ ಸಂಕಷ್ಟದಲ್ಲಿರುತ್ತೇನೆ' ಎಂಬ ಒಂದು ಸಾಲಾಗುತ್ತದೆ.

ಈ ಕೆಲಸದಲ್ಲಿ ಒಳಿತೂ ಇತ್ತು, ಅಪಾಯವೂ ಇತ್ತು. ಒಳ್ಳೆಯ ಟೈಪಿಸ್ಟ್ ಬಡವನಿಗೆ ಅರ್ಧ ವಕೀಲನಿದ್ದಂತೆ. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕು, ಯಾವ ದಾಖಲೆ ಲಗತ್ತಿಸಬೇಕು ಎಂದು ಅವನೇ ಹೇಳಿಕೊಡುತ್ತಿದ್ದ. ಆದರೆ ಬರೆಸುವವನು ಓದಲಾರದವನಾದರೆ, ಬರೆಯುವವನ ಪ್ರಾಮಾಣಿಕತೆಯೇ ಅವನ ಏಕೈಕ ರಕ್ಷಣೆ. ಒಂದು ಸರ್ವೆ ನಂಬರು ತಪ್ಪಿದರೆ, 'ಸಾಲ' ಎಂಬಲ್ಲಿ 'ಮಾರಾಟ' ಎಂದು ಬಿದ್ದರೆ ಹೆಬ್ಬೆಟ್ಟು ಒತ್ತಿದವನ ಮನೆಯೇ ಹೋಯಿತು. ಅದಕ್ಕೇ ಹಳೆಯ ಪತ್ರಗಳ ಕೊನೆಯಲ್ಲಿ 'ಓದಿಸಿ ಕೇಳಿ ತಿಳಿದು ಒಪ್ಪಿ' ಎಂಬ ಅರ್ಥದ ಮಾತು ಬರುತ್ತಿತ್ತು. ಬೆರಳಚ್ಚಿಗೂ ಹೆಬ್ಬೆಟ್ಟಿಗೂ ನಡುವೆ ಇದ್ದ ಸೇತುವೆ ಆ ಒಂದು ಮಾತು. ನಿಜವಾಗಿ ಓದಿ ಹೇಳಿದ್ದರೆ ಅದು ನ್ಯಾಯ, ಓದದೆಯೇ ಟೈಪು ಮಾಡಿಬಿಟ್ಟಿದ್ದರೆ ಅದು ಬಲೆ.

ಕಾರ್ಬನ್ ಪ್ರತಿಯ ಬಲ

ಟೈಪ್‌ರೈಟರಿನ ಜೊತೆಗೆ ಬಂದ ಇನ್ನೊಂದು ಸಣ್ಣ ವಸ್ತುವನ್ನು ಮರೆಯಬಾರದು. ಅದು ಕಾರ್ಬನ್ ಕಾಗದ. ಇದಕ್ಕೆ ಇಂಗ್ಲೆಂಡಿನ ರಾಲ್ಫ್ ವೆಡ್ಜ್‌ವುಡ್ 1806ರಲ್ಲಿ ಪೇಟೆಂಟ್ ಪಡೆದಿದ್ದರು. ಕೈಬರಹದ ಅರ್ಜಿಯನ್ನು ಕಚೇರಿಗೆ ಕೊಟ್ಟರೆ ಅದು ಹೊಳೆಗೆ ಹಾಕಿದಂತೆ. 'ನಿನ್ನ ಅರ್ಜಿ ಬಂದೇ ಇಲ್ಲ' ಎಂದರೆ ಮಾತು ಮುಗಿಯಿತು. ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಟೈಪು ಮಾಡಿದರೆ ಅದೇ ಪೆಟ್ಟಿಗೆ ಎರಡು ಪ್ರತಿ. ಒಂದು ಕಚೇರಿಗೆ, ಸ್ವೀಕೃತಿಯ ಮೊಹರು ಬಿದ್ದ ಇನ್ನೊಂದು ಮನೆಗೆ. ಅಡುಗೆಮನೆಯ ಹೊಗೆಯಲ್ಲಿ ಹಳದಿಯಾದ, ಮಡಿಕೆಯಲ್ಲಿ ಹರಿದ ಆ ನೀಲಿ ಅಕ್ಷರದ ಪ್ರತಿ ಎಷ್ಟೋ ಕುಟುಂಬಗಳ ಟ್ರಂಕಿನ ತಳದಲ್ಲಿ ದಶಕಗಟ್ಟಲೆ ಉಳಿದಿದೆ. ಸರ್ಕಾರದ ಎದುರು ಬಡವನಿಗೂ ಒಂದು ಸಾಕ್ಷಿ ದೊರೆತದ್ದು ಹೀಗೆ. 2005ರ ಮಾಹಿತಿ ಹಕ್ಕು ಕಾಯ್ದೆ ಕಾಗದದ ಪ್ರತಿ ಕೇಳುವುದನ್ನು ಹಕ್ಕನ್ನಾಗಿ ಮಾಡಿತು. ಅದಕ್ಕೂ ಮುನ್ನ ಜನಸಾಮಾನ್ಯನ ಮಾಹಿತಿ ಹಕ್ಕು ಎಂದರೆ ಈ ಕಾರ್ಬನ್ ಪ್ರತಿಯೇ.

ಹೆಣ್ಣುಮಕ್ಕಳ ಹೊಸ ದಾರಿ

ನ್ಯೂಯಾರ್ಕಿನ ವೈ.ಡಬ್ಲ್ಯು.ಸಿ.ಎ. ಸಂಸ್ಥೆ 1881ರಲ್ಲಿ ಯುವತಿಯರಿಗೆ ಟೈಪಿಂಗ್ ತರಗತಿ ಆರಂಭಿಸಿತು. ಕೆಲವೇ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಆ ಉದ್ಯೋಗ ಬಹುಪಾಲು ಮಹಿಳೆಯರದಾಯಿತು. ನಮ್ಮಲ್ಲಿ ಮೊದಲಿಗೆ ಗಂಡಸರೇ ಗುಮಾಸ್ತರು. ಆದರೆ ಸಣ್ಣ ಊರುಗಳಲ್ಲೂ ಟೈಪಿಂಗ್ ಸಂಸ್ಥೆಗಳು ಬಂದಮೇಲೆ ಚಿತ್ರ ಬದಲಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿಗೆ ಕಾಲೇಜಿಗೆ ದೂರ, ಖರ್ಚು, ಮನೆಯವರ ಅಳುಕು. ಟೈಪಿಂಗ್ ತರಗತಿಯಾದರೆ ದಿನಕ್ಕೆ ಒಂದು ಗಂಟೆ, ಸಣ್ಣ ಶುಲ್ಕ. ಜೂನಿಯರ್, ಸೀನಿಯರ್ ಎಂದು ಸರ್ಕಾರಿ ಪರೀಕ್ಷೆ ಪಾಸು ಮಾಡಿ, ಜೊತೆಗೆ ಶೀಘ್ರಲಿಪಿಯೂ ಬಂದರೆ ಕೆಲಸ ಹುಡುಕಲು ಧೈರ್ಯ. ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಯುವಕ ಯುವತಿಯರು ಆ ಪ್ರಮಾಣಪತ್ರ ಹಿಡಿದೇ ಬೆಂಗಳೂರು, ಮುಂಬಯಿಗೆ, ಆಮೇಲೆ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ತಂಗಿಯ ಮದುವೆ, ತಮ್ಮನ ಓದು, ಮನೆಗೆ ಹೆಂಚು: ಇವೆಲ್ಲದರ ಹಿಂದೆ ಒಬ್ಬಳು ಅಕ್ಕನ ಹತ್ತು ಬೆರಳುಗಳಿದ್ದವು.

ಇದಕ್ಕೂ ಇನ್ನೊಂದು ಮುಖವಿದೆ. ಇತರರ ಮಾತನ್ನು ಟೈಪು ಮಾಡುವುದು ಹೆಣ್ಣಿನ ಕೆಲಸ, ಮಾತನ್ನು ಹೇಳಿ ಬರೆಸುವುದು ಗಂಡಿನ ಕೆಲಸ ಎಂಬ ಹಂಚಿಕೆಯನ್ನು ಕಚೇರಿಗಳು ಬಹಳ ಕಾಲ ಉಳಿಸಿಕೊಂಡವು. ಕುರ್ಚಿ ಸಿಕ್ಕಿತು, ಮೇಲಿನ ಕುರ್ಚಿಗೆ ಏಣಿ ಸಿಗಲಿಲ್ಲ. ಆದರೂ ತಿಂಗಳ ಕೊನೆಗೆ ತನ್ನ ಸಹಿ ಹಾಕಿ ತನ್ನ ಸಂಬಳ ಪಡೆಯುವ ಹೆಣ್ಣು ಮನೆಯ ಮಾತುಕತೆಯ ರೀತಿಯನ್ನೇ ಬದಲಿಸಿದಳು ಎಂಬುದರಲ್ಲಿ ಸಂಶಯವಿಲ್ಲ.

ಸದ್ದು ನಿಂತಿತು, ಕೆಲಸ ಉಳಿಯಿತು

ಕಂಪ್ಯೂಟರ್ ಬಂದಮೇಲೆ ಟೈಪ್‌ರೈಟರ್ ಹಿಂದೆ ಸರಿಯಿತು. ಗೋದ್ರೇಜ್ ಸಂಸ್ಥೆ ಅದರ ತಯಾರಿಕೆ ನಿಲ್ಲಿಸಿದ ಸುದ್ದಿ 2011ರಲ್ಲಿ ಜಗತ್ತಿನಾದ್ಯಂತ ಪತ್ರಿಕೆಗಳಲ್ಲಿ ಬಂತು. ಕನ್ನಡದ ಮಟ್ಟಿಗೆ ಬದಲಾವಣೆ ಇನ್ನೂ ಆಳವಾದದ್ದು. ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ರೂಪಿಸಿದರು. ಕರ್ನಾಟಕ ಸರ್ಕಾರ ಅದನ್ನೇ ಆಧರಿಸಿದ ವಿನ್ಯಾಸವನ್ನು ಅಂಗೀಕರಿಸಿತು, 'ನುಡಿ' ತಂತ್ರಾಂಶ ಅದನ್ನು ಮನೆಮನೆಗೆ ತಲುಪಿಸಿತು. ಹಳೆಯ ಯಂತ್ರದಲ್ಲಿ ಟೈಪಿಸ್ಟ್ ಅಕ್ಷರದ ಆಕಾರವನ್ನು ಜೋಡಿಸಬೇಕಿತ್ತು. ಹೊಸದರಲ್ಲಿ ಧ್ವನಿಯನ್ನು ಒತ್ತಿದರೆ ಸಾಕು, ಒತ್ತಕ್ಷರವನ್ನು ಯಂತ್ರವೇ ಜೋಡಿಸುತ್ತದೆ. ಬಡಗಿಯ ಕೆಲಸವನ್ನು ಯಂತ್ರಕ್ಕೆ ಬಿಟ್ಟು ಮನುಷ್ಯ ಮಾತಿಗೆ ಮರಳಿದನು ಎನ್ನಬಹುದು. ಆದರೆ ವರ್ಷಗಟ್ಟಲೆ ಬೆವರು ಸುರಿಸಿ ಹಳೆಯ ಕೀಲಿಮಣೆ ಕಲಿತವರು ನಡುವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು.

2011ರ ಜನಗಣತಿಯಂತೆ ಕೊಡಗಿನ ಸಾಕ್ಷರತೆ ಶೇಕಡಾ 82ಕ್ಕೂ ಹೆಚ್ಚು. ಹಾಗಿದ್ದರೂ ಕಚೇರಿ ಜಗಲಿಯ ಆ ಬೆಂಚು ಖಾಲಿಯಾಗಿದೆಯೇ? ಇಲ್ಲ. ಅದು ಕಂಪ್ಯೂಟರ್ ಅಂಗಡಿಗೆ, ನಾಡಕಚೇರಿಗೆ, ಸೇವಾ ಕೇಂದ್ರಕ್ಕೆ ಸ್ಥಳಾಂತರವಾಗಿದೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂದಾಗ ಕಾಡಿನ ಅಂಚಿನ ಹಾಡಿಗಳ ಜನ ತಲೆತಲಾಂತರದ ಬಾಳನ್ನು ಅರ್ಜಿಯ ಕಾಲಂಗಳಲ್ಲಿ ತೋರಿಸಬೇಕಾಯಿತು. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮನೆಯೊಡನೆ ಕಾಗದಪತ್ರವನ್ನೂ ಕಳೆದುಕೊಂಡವರು ತಾವು ಯಾರೆಂದು ಮತ್ತೆ ಕಾಗದದ ಮೇಲೆ ತೋರಿಸಬೇಕಾಯಿತು. ಇಂದು ಪರದೆಯ ಮೇಲೆ ಏನು ತುಂಬಿದ್ದಾರೆಂದು ಅರಿಯದೆ ಬೆರಳು ಒತ್ತುವವರು ನಮ್ಮ ನಡುವೆಯೇ ಇದ್ದಾರೆ. ಶಾಯಿಯ ಬದಲು ಗಾಜಿನ ಮೇಲೆ ಒತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ಪಾಲನಾ ಸಮಿತಿಯವರು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು, ಸ್ವಸಹಾಯ ಗುಂಪಿನ ಕಾರ್ಯಕರ್ತೆಯರು ಅನೇಕರಿಗೆ ಅರ್ಜಿ ತುಂಬಲು ನೆರವಾಗುತ್ತಾರೆ. ಹಳೆಯ ಟೈಪಿಸ್ಟರಿಂದ ಇವರು ಕಲಿಯಬೇಕಾದ ಪಾಠ ಎರಡೇ. ತುಂಬಿದ್ದನ್ನು ಅರ್ಜಿದಾರರಿಗೆ ಅವರ ಮಾತಿನಲ್ಲೇ ಪೂರ್ತಿ ಓದಿ ಹೇಳಿ, ಆಮೇಲೆ ಬೆರಳು ಒತ್ತಿಸಿ. ಒಂದು ಪ್ರತಿ ತೆಗೆದು ಅವರ ಕೈಗೇ ಕೊಡಿ. ಇದಕ್ಕೆ ಹತ್ತು ನಿಮಿಷ ಹೆಚ್ಚು ಬೇಕಾಗಬಹುದು, ಸಾಲಿನಲ್ಲಿ ಹಿಂದೆ ನಿಂತವರು ಗೊಣಗಲೂಬಹುದು. ಆದರೆ ಕಣ್ಣು ಕಾಣದ ಮಹಿಳೆಯೊಬ್ಬಳು ತನ್ನ ಮಾತನ್ನು ತಾನೇ ಹೇಳಲಿ ಎಂದು ಆರಂಭವಾದ ಯಂತ್ರದ ಉದ್ದೇಶ ಈಡೇರುವುದು ಆ ಹತ್ತು ನಿಮಿಷಗಳಲ್ಲಿಯೇ.